80,000 ರೂಪಾಯಿಯಲ್ಲಿ ಗೇಮಿಂಗ್ ಕಂಪ್ಯೂಟರ್: ಈ ಕೊಟೇಶನ್ ಒಪ್ಪಬಹುದೇ?

ಡೊಂಬಿವಲಿ ಪೂರ್ವದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಕಡೆ, ಈಗ ಡೊಂಬಿವಲಿಯಲ್ಲಿದ್ದೇವೆ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಸಂಬಳದಲ್ಲಿ ತಿಂಗಳು ತಿಂಗಳು ಎತ್ತಿಟ್ಟದ್ದು ಈಗ 80,000 ರೂಪಾಯಿ ಆಗಿದೆ. ಅಕ್ಕ ಮದುವೆಯಾಗಿ ಹೋಗುವಾಗ ಬಿಟ್ಟುಹೋದ 1080ಪಿ, 60 ಹರ್ಟ್ಸ್ ಮಾನಿಟರ್ ಇರುವುದರಿಂದ ಆ ಖರ್ಚಿಲ್ಲ. ಊರಿನಲ್ಲಿರುವ ಚಿಕ್ಕಪ್ಪನ ಮಗನ ಜೊತೆ ರಾತ್ರಿ ವ್ಯಾಲರಂಟ್ ಆಡಬೇಕು, ಫೋರ್ಜಾ ಹೊರೈಜನ್ 5 ಎಂಬ ಕಾರ್ ರೇಸಿನ ಆಟವನ್ನು ಕಣ್ತುಂಬ ನೋಡಬೇಕು.

ಕಳೆದ ಶನಿವಾರ ಮುಂಬಯಿಯಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಹೀಗೆ ಬರೆದುಕೊಟ್ಟರು: ಐ7-12700ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 8 ಜಿಬಿಯ ಒಂದೇ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, 3050 ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಭಾಗ), 500 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟು ಕೊಡುವ ಪೆಟ್ಟಿಗೆ), ಗಾಜಿನ ಕ್ಯಾಬಿನೆಟ್, ಬಣ್ಣದ ದೀಪದ ನಾಲ್ಕು ಫ್ಯಾನ್. ಒಟ್ಟು 78,500. ಮುಂಗಡ ಇನ್ನೂ ಕೊಟ್ಟಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಪುಣೆ, ಕೋಥರೂಡ್‌ನಿಂದ

ಮುಂಗಡ ಕೊಡಬೇಡಿ. ಆಟಕ್ಕೆ ಮುಖ್ಯವಾದದ್ದು ಗ್ರಾಫಿಕ್ಸ್ ಕಾರ್ಡ್. ಇಲ್ಲಿ ಹಣವೆಲ್ಲ ಪ್ರೊಸೆಸರಿಗೆ ಮತ್ತು ದೀಪಗಳಿಗೆ ಹೋಗಿದೆ. '3050' ಎಂದಷ್ಟೇ ಬರೆದದ್ದೂ ಸಾಲದು. ಆ ಹೆಸರಿನಲ್ಲಿ 2022ರ 8 ಜಿಬಿ ಕಾರ್ಡ್ ಇದೆ, 2024ರ 6 ಜಿಬಿ ಕಾರ್ಡೂ ಇದೆ. ಎರಡನೆಯದು ಮೊದಲನೆಯದಕ್ಕಿಂತ ನಿಧಾನ.

ಮೀರಾ ರೋಡ್‌ನಿಂದ

ತಮ್ಮಾ, ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಕಂಪನಿಯ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ.

2019ರಲ್ಲಿ ನಾನೂ ಅಂಥದ್ದೊಂದನ್ನು ಹಾಕಿಸಿಕೊಂಡಿದ್ದೆ. ಜುಲೈ ತಿಂಗಳ ಜಡಿಮಳೆ, ಕರೆಂಟು ಹೋಗಿ ಬಂತು, ಕೋಣೆ ತುಂಬ ಸುಟ್ಟ ವಾಸನೆ. ಎಸ್‌ಎಂಪಿಎಸ್ ತಾನು ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ತಂಗಿಯ ಮದುವೆಯ ಫೋಟೋಗಳು ಅದರಲ್ಲೇ ಇದ್ದವು. ಅಮ್ಮ ಈಗಲೂ ಆಗಾಗ ಆ ಫೋಟೋಗಳನ್ನು ಕೇಳುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ನೋಡಬೇಡ. ಎಸ್‌ಎಂಪಿಎಸ್ ಮೈಮೇಲೆ ಅಂಟಿಸಿರುವ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ನೋಡು, ಅದನ್ನು 12ರಿಂದ ಗುಣಿಸು. 20 ಆಂಪಿಯರ್ ಇದ್ದರೆ 240 ವ್ಯಾಟ್ ಮಾತ್ರ, ಹೊರಗೆ 500 ಎಂದು ಬರೆದಿದ್ದರೂ ಅಷ್ಟೇ. ಪ್ರೊಸೆಸರ್ ಮತ್ತು ಕಾರ್ಡ್ ಬದುಕುವುದು ಆ 12 ವೋಲ್ಟಿನ ಮೇಲೆ. ಒಳ್ಳೆಯ 550 ವ್ಯಾಟಿನದರಲ್ಲಿ ಸುಮಾರು 45 ಆಂಪಿಯರ್ ಇರುತ್ತದೆ. ನಿನ್ನ ಪಟ್ಟಿಯ ಐ7 ಒಂದೇ ಪೂರ್ಣ ವೇಗದಲ್ಲಿ 180 ವ್ಯಾಟಿನವರೆಗೆ ಎಳೆಯಬಲ್ಲದು.

ನಾನಾದರೆ ರೈಜನ್ 5 7600, ಬಿ650 ಬೋರ್ಡ್, 8 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ತೆಗೆದುಕೊಳ್ಳುತ್ತೇನೆ. ಕಾರ್ಡ್ ಆರ್‌ಟಿಎಕ್ಸ್ 4060 ಅಥವಾ 5060, ಯಾವುದು ಕೈಗೆಟಕುತ್ತದೋ ಅದು. 4060 ಎಳೆಯುವುದು 115 ವ್ಯಾಟ್, 5060 ಎಳೆಯುವುದು 145. ಬೆಲೆ ಮೀರಿದರೆ ಪ್ರೊಸೆಸರನ್ನು ರೈಜನ್ 5 5600ಕ್ಕೆ ಇಳಿಸು. ಆಗ ಬಿ550 ಬೋರ್ಡ್ ಮತ್ತು ಡಿಡಿಆರ್4 ರ್‍ಯಾಮ್ ಬೇಕಾಗುತ್ತದೆ. ಕಾರ್ಡನ್ನೂ ಎಸ್‌ಎಂಪಿಎಸ್ಸನ್ನೂ ಮಾತ್ರ ಇಳಿಸಬೇಡ. ಎರಡು ಪ್ರೊಸೆಸರಿಗೂ ಡಬ್ಬಿಯಲ್ಲೇ ಕೂಲರ್ ಬರುತ್ತದೆ. ಕ್ಯಾಬಿನೆಟ್‌ಗೆ ಮುಂದೆ ಗಾಜು ಬೇಡ, ಜಾಲರಿ ಇರಲಿ. ನಮ್ಮ ಮುಂಬಯಿಯ ಮೇ ತಿಂಗಳು ನಿನಗೆ ಗೊತ್ತಿದೆ.

ಡೊಂಬಿವಲಿ ಪೂರ್ವದಿಂದ

ಅಣ್ಣಾ, ತುಂಬ ಉಪಕಾರವಾಯಿತು. ನೀವು ಹೇಳಿದ ಪಟ್ಟಿಯನ್ನು ಬೇರೆ ಅಂಗಡಿಗೆ ಕಳುಹಿಸಿದೆ. 7600 ಹಾಕಿದರೆ 84,000 ದಾಟುತ್ತದೆ. 5600 ಮತ್ತು 4060 ಹಾಕಿದರೆ 550 ವ್ಯಾಟಿನ ಬ್ರಾಂಜ್ ದರ್ಜೆಯ (ಕರೆಂಟು ಪೋಲಾಗದಿರುವುದರ ಮಟ್ಟ) ಎಸ್‌ಎಂಪಿಎಸ್ ಸೇರಿ 74,000. ಉಳಿದ ಹಣಕ್ಕೆ ಯುಪಿಎಸ್ ಕೊಳ್ಳಲೇ? 600 ವಿಎ (ವೋಲ್ಟ್-ಆಂಪಿಯರ್) ಸಾಕೇ?

ಮೀರಾ ರೋಡ್‌ನಿಂದ

ಖಂಡಿತ ಕೊಳ್ಳು. ಆದರೆ ವಿಎ ಬೇರೆ, ವ್ಯಾಟ್ ಬೇರೆ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಮಾನಿಟರೂ ಸೇರುವುದರಿಂದ 1000 ವಿಎ ನೋಡು. ಕರೆಂಟು ಹೋದಾಗ ಆಟ ಮುಂದುವರಿಸಲು ಅಲ್ಲ, ನೆಮ್ಮದಿಯಾಗಿ ಮುಚ್ಚಲು.

ಜೋಡಿಸಿದ ಮೇಲೆ ಎರಡು ಕೆಲಸ ಮರೆಯಬೇಡ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ರ್‍ಯಾಮ್ ಪೂರ್ಣ ವೇಗದಲ್ಲಿ ಓಡಲು ಬೇಕಾದ ಎಕ್ಸ್‌ಎಂಪಿ ಆನ್ ಮಾಡು, ಇಲ್ಲದಿದ್ದರೆ 3200ರ ರ್‍ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯ ಜೊತೆ ಪ್ರತಿ ಭಾಗದ ಸೀರಿಯಲ್ ಸಂಖ್ಯೆಯನ್ನೂ ಬರೆಸಿಕೋ. ವಾರಂಟಿ ಕೇಳಲು ಹೋದಾಗ ಅದೇ ಆಧಾರ.

ಭಾನುವಾರ ಹೋಗಬೇಡ, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವಾದರೆ ನನಗೂ ರಜೆ. ಹನ್ನೊಂದು ಗಂಟೆಗೆ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವದ ಬದಿಯಲ್ಲಿ ನಿಂತಿರುತ್ತೇನೆ. ಎಸ್‌ಎಂಪಿಎಸ್ ಚೀಟಿಯನ್ನು ಇಬ್ಬರೂ ಸೇರಿ ಓದೋಣ. ಮೂರು ಗಂಟೆಯೊಳಗೆ ಕೆಲಸ ಮುಗಿದರೆ ದಾದರಿನಲ್ಲಿ ಗಾಡಿ ಬದಲಿಸುವಾಗ ಲಗೇಜ್ ಡಬ್ಬಿಯಲ್ಲಿ ಕ್ಯಾಬಿನೆಟ್ ಇಡಲು ಜಾಗ ಸಿಗುತ್ತದೆ.