ತುಟಿ ಮೇಲೆ ಪದೇಪದೇ ನೀರ್ಗುಳ್ಳೆ: ಕ್ರೀಮ್ ಹಚ್ಚಿದರೂ ಹತ್ತು ದಿನ ಹಿಡಿಯುತ್ತೆ, ಏನು ಮಾಡೋದು?

ತೀರ್ಥಹಳ್ಳಿ_ಮಳೆ
ನಮ್ಮ ಯಜಮಾನರಿಗೆ 34 ವರ್ಷ. ಕೆಳತುಟಿಯ ಬಲಗಡೆ, ಯಾವಾಗಲೂ ಅದೇ ಜಾಗದಲ್ಲಿ, ವರ್ಷಕ್ಕೆ ನಾಲ್ಕೈದು ಸಲ ನೀರ್ಗುಳ್ಳೆಗಳ ಗೊಂಚಲು ಏಳುತ್ತೆ. ಜ್ವರ ಬಂದಾಗ, ಬಿಸಿಲಲ್ಲಿ ಬೈಕ್ ಓಡಿಸಿದಾಗ ಜಾಸ್ತಿ. ಡಾಕ್ಟರು ಹರ್ಪಿಸ್ ಅಂತ ಹೇಳಿ ಅಸೈಕ್ಲೊವಿರ್ 5% ಕ್ರೀಮ್ ಬರೆದುಕೊಟ್ಟಿದ್ದಾರೆ. ಗುಳ್ಳೆ ಒಡೆದ ಮೇಲೆ ದಿನಕ್ಕೆರಡು ಸಲ ಹಚ್ಚುತ್ತಾರೆ, ಏನೂ ವ್ಯತ್ಯಾಸ ಕಾಣಲ್ಲ. ಅತ್ತೆಯವರು ಉಷ್ಣ ಅಂತ ಎಳನೀರು, ಬಿ ಕಾಂಪ್ಲೆಕ್ಸ್ ಕೊಡ್ತಾರೆ. ಇದಕ್ಕೆ ಮಾತ್ರೆ ಇದೆಯಂತೆ, ಹೌದಾ? ಇವತ್ತು ಬೆಳಿಗ್ಗೆಯಿಂದ ಮತ್ತೆ ಅಲ್ಲೇ ಚುಮುಚುಮು ಅಂತಿದೆ, ಗುಳ್ಳೆ ಇನ್ನೂ ಬಂದಿಲ್ಲ. ನಾದಿನಿ ಬಾಣಂತನಕ್ಕೆ ಬಂದಿದ್ದಾರೆ, ಮಗುವಿಗೆ 16 ದಿನ. ಅದೇ ಹೆದರಿಕೆ.

ಔಷಧದಂಗಡಿ
ಚುಮುಚುಮು ಶುರುವಾಗಿ ಗುಳ್ಳೆ ಏಳದ ಈ ಕೆಲವು ಗಂಟೆಗಳೇ ಔಷಧಿಗೆ ಸರಿಯಾದ ಸಮಯ, ತಡ ಮಾಡಬೇಡಿ. ವೈರಸ್ ಜೋರಾಗಿ ಹೆಚ್ಚುವುದು ಮೊದಲ ಒಂದೆರಡು ದಿನ. ಈ ಔಷಧಿಗಳು ಆ ಹೆಚ್ಚಳವನ್ನು ತಡೆಯುತ್ತವೆ ಅಷ್ಟೇ, ಆಗಿಹೋದ ಗಾಯವನ್ನು ಮಾಯಿಸುವುದಿಲ್ಲ. ಗುಳ್ಳೆ ಒಡೆದ ಮೇಲೆ ಹಚ್ಚಿದರೆ ವ್ಯತ್ಯಾಸ ಕಾಣದಿರುವುದು ಅದಕ್ಕೇ.

ಮಾತ್ರೆ ಇದೆ. ವಾಲಸೈಕ್ಲೊವಿರ್: 2 ಗ್ರಾಂ ಒಂದು ಸಲ, 12 ಗಂಟೆ ಬಿಟ್ಟು ಇನ್ನೊಂದು 2 ಗ್ರಾಂ. ಅಂದರೆ 1000 ಮಿ.ಗ್ರಾಂ ಮಾತ್ರೆಯಾದರೆ ಎರಡು, ಮತ್ತೆ ಎರಡು. 500ರದ್ದಾದರೆ ನಾಲ್ಕು, ಮತ್ತೆ ನಾಲ್ಕು. ಒಂದೇ ದಿನದಲ್ಲಿ ಕೋರ್ಸ್ ಮುಗಿಯಿತು. ಅಷ್ಟೊಂದು ಮಾತ್ರೆಯಾ ಅಂತ ಗಾಬರಿಯಾಗಿ ದಿನಕ್ಕೊಂದರಂತೆ ಹಂಚಿಕೊಂಡು ನುಂಗುವವರಿದ್ದಾರೆ, ಹಾಗೆ ಮಾಡಿದರೆ ಮೊದಲ ದಿನದ ಲಾಭವೇ ಹೋಗುತ್ತೆ. ಫ್ಯಾಮ್ಸೈಕ್ಲೊವಿರ್ ಆದರೆ 1500 ಮಿ.ಗ್ರಾಂ ಒಂದೇ ಡೋಸ್. ಅಸೈಕ್ಲೊವಿರ್ ಮಾತ್ರೆ ಅಗ್ಗ, ಆದರೆ 400 ಮಿ.ಗ್ರಾಂ ದಿನಕ್ಕೆ ಐದು ಸಲ, ಐದು ದಿನ. ಯಾವುದೋ ಒಂದು ಹೊತ್ತು ತಪ್ಪಿಯೇ ತಪ್ಪುತ್ತೆ. ಇಷ್ಟೆಲ್ಲ ಮಾಡಿದರೂ ಗುಳ್ಳೆ ಮಾಯುವುದು ಸುಮಾರು ಒಂದು ದಿನ ಬೇಗ, ಅಷ್ಟೇ. ಪವಾಡ ನಿರೀಕ್ಷಿಸಬೇಡಿ.

ಚೀಟಿ ಇಲ್ಲದೆ ಕೊಡುವಂತಿಲ್ಲ. ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಸಲಕ್ಕೂ ಬರೆಸಿಕೊಂಡು ಒಂದು ಕೋರ್ಸ್ ಮನೆಯಲ್ಲಿ ಇಟ್ಟಿರಿ, ಇದು ರಾತ್ರಿ ಹನ್ನೊಂದಕ್ಕೂ ಶುರುವಾಗುತ್ತೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಔಷಧಿ ಹೊರಹೋಗುವುದು ಮೂತ್ರದಲ್ಲೇ. ಡೋಸ್ ಇಳಿಸದಿದ್ದರೆ ಮೈಯಲ್ಲಿ ಶೇಖರವಾಗಿ ತಲೆ ಗೊಂದಲ, ಭ್ರಮೆ ಆಗಬಹುದು. ನೀರು ಚೆನ್ನಾಗಿ ಕುಡಿಯಲಿ.

ಕ್ರೀಮೇ ಸಾಕು ಅಂದರೆ ಎಚ್ಚರವಿರುವಷ್ಟೂ ಹೊತ್ತು ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಐದು ಸಲ, ನಾಲ್ಕೈದು ದಿನ. ಇಯರ್ ಬಡ್‌ನಿಂದ ತೆಳ್ಳಗೆ ಒತ್ತಿ ಹಚ್ಚಲಿ, ತಿಕ್ಕಬಾರದು. ಬಡ್ ಎಸೆದು ಕೈ ತೊಳೆಯಲಿ.

ಚರ್ಮವೈದ್ಯೆ_ಹುಬ್ಬಳ್ಳಿ
ಮೇಲಿನವರು ಹೇಳಿದ ಡೋಸ್ ಸರಿಯಿದೆ. ಬಿ ಕಾಂಪ್ಲೆಕ್ಸ್ ವಿಚಾರ ಹೇಳ್ತೀನಿ. ವಿಟಮಿನ್ ಕೊರತೆಯಿದ್ದರೆ ಬಾಯೊಳಗಿನ ಬಿಳಿ ಹುಣ್ಣಿಗೆ, ಬಾಯಿ ಮೂಲೆ ಸೀಳಿದ್ದಕ್ಕೆ ಅದು ಉಪಯೋಗ ಆಗಬಹುದು. ತುಟಿಯ ಅಂಚಲ್ಲಿ ಗೊಂಚಲಾಗಿ ಏಳುವ ನೀರ್ಗುಳ್ಳೆಗೆ ಇಲ್ಲ. ಎಳನೀರು ಕುಡಿಯಲಿ, ತೊಂದರೆಯಿಲ್ಲ. ಸುಣ್ಣ, ಟೂತ್‌ಪೇಸ್ಟ್ ಮಾತ್ರ ಹಚ್ಚಬೇಡಿ, ಚರ್ಮ ಸುಡುತ್ತೆ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಅಂಗಡಿಯಲ್ಲಿ ಕೇಳಿ ತರುವ ತುರಿಕೆ ಟ್ಯೂಬು. ಕ್ಲೋಬೆಟಸಾಲ್, ಬೆಟಾಮೆಥಾಸೋನ್ ಅಂತ ಬರೆದಿದ್ದರೆ ಅದು ಸ್ಟೀರಾಯ್ಡ್. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತೆ, ಒಳಗೆ ಚರ್ಮದ ಪ್ರತಿರೋಧ ಕುಗ್ಗಿ ಗುಳ್ಳೆ ಹರಡುತ್ತೆ.

ಹಕ್ಕಳೆ ಕೀಳಬಾರದು, ವ್ಯಾಸಲೀನ್ ಹಚ್ಚಿ ಮೆತ್ತಗಿಟ್ಟರೆ ಬಿರಿಯಲ್ಲ.

ಈ ವೈರಸ್ ಮುಖದ ನರದ ಗಂಟಿನಲ್ಲಿ ಮಲಗಿರುತ್ತೆ, ಅದನ್ನು ಅಲ್ಲಿಂದ ತೆಗೆಯುವ ಔಷಧಿ ಇನ್ನೂ ಇಲ್ಲ. ಬಿಸಿಲು, ಜ್ವರ, ನಿದ್ದೆಗೇಡು, ಮುಟ್ಟು, ಹಲ್ಲಿನ ಚಿಕಿತ್ಸೆ ಎಬ್ಬಿಸುತ್ತವೆ. ನಿಮ್ಮವರಿಗೆ ಬಿಸಿಲು ಮುಖ್ಯ ಕಾರಣ, ಹಾಗಾಗಿ ಎಸ್‌ಪಿಎಫ್ 30ರ ಲಿಪ್ ಬಾಮ್ ಬೈಕ್ ಹತ್ತುವ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ. ಟೀ ಕುಡಿದರೆ ಅಳಿಸಿಹೋಗುತ್ತೆ, ಮತ್ತೆ ಹಚ್ಚಬೇಕು. ವರ್ಷಕ್ಕೆ ಆರು ಸಲ ದಾಟಿದರೆ ದಿನಾ ವಾಲಸೈಕ್ಲೊವಿರ್ 500 ಮಿ.ಗ್ರಾಂ ಒಂದು, ಅಥವಾ ಅಸೈಕ್ಲೊವಿರ್ 400 ಎರಡು ಹೊತ್ತು, ಕೆಲವು ತಿಂಗಳು ಕೊಟ್ಟು ನೋಡ್ತೀವಿ. ನಾಲ್ಕೈದಕ್ಕೆ ಬಂದಾಗ ತಗೊಂಡರೆ ಸಾಕು.

ಕಣ್ಣು ಕೆಂಪಾಗಿ ನೋವಾದರೆ, ಬೆಳಕು ನೋಡೋಕೆ ಆಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಸ್ವಂತ ಬುದ್ಧಿಯಿಂದ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬಾರದು. ಗುಟ್ಕಾ, ಎಲೆಅಡಿಕೆ ಅಭ್ಯಾಸವಿದ್ದು ಎರಡು ವಾರ ಕಳೆದರೂ ಹುಣ್ಣು ಮಾಯದಿದ್ದರೆ ಹರ್ಪಿಸ್ ಅಂತಲೇ ಸುಮ್ಮನಿರಬೇಡಿ, ತೋರಿಸಿ.

ಶಿಶುವಾರ್ಡ್_ಸಿಸ್ಟರ್
ಮಗುವಿನ ವಿಷಯಕ್ಕೆ ಬರ್ತೀನಿ ಅಕ್ಕಾ, ಇದು ಎಲ್ಲಕ್ಕಿಂತ ಮುಖ್ಯ. ಹುಟ್ಟಿ ಇನ್ನೂ ಒಂದು ತಿಂಗಳಾಗದ ಕೂಸಿಗೆ ಇದು ತಗುಲಿದರೆ ಯಕೃತ್ತಿಗೆ, ಮೆದುಳಿಗೆ ಹೋಗಬಹುದು, ಜೀವಕ್ಕೇ ಅಪಾಯ. ನಿಮ್ಮ ಯಜಮಾನರು ಇವತ್ತಿನಿಂದ ಹಕ್ಕಳೆ ಪೂರ್ತಿ ಉದುರಿ ಚರ್ಮ ಒಣಗುವ ತನಕ ಮಗುವನ್ನು ಎತ್ತಿಕೊಳ್ಳದಿರುವುದೇ ಒಳ್ಳೇದು. ಗುಳ್ಳೆ ಕಾಣುವ ಮೊದಲೇ ಹರಡುತ್ತೆ. ಅನಿವಾರ್ಯವಾದರೆ ಸೋಪು ಹಾಕಿ ಕೈ ತೊಳೆದು, ಮಾಸ್ಕ್ ಹಾಕಿ. ಮುತ್ತಂತೂ ಹಣೆಗೂ ಬೇಡ, ಕಾಲಿಗೂ ಬೇಡ. ಅವರ ಟವೆಲ್, ಲೋಟ ಬೇರೆ ಇಡಿ. ಮಗು ನೋಡಲು ಬರುವ ನೆಂಟರಿಗೂ ಇದೇ ಮಾತು ಹೇಳಿ, ಮುನಿಸಿಕೊಂಡರೂ ಪರವಾಗಿಲ್ಲ.

ನಾದಿನಿ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ಅವರ ಎದೆಯ ಮೇಲೆ ಗುಳ್ಳೆ ಎದ್ದರೆ ಮಾತ್ರ ಆ ಕಡೆ ಕುಡಿಸದೆ ತಕ್ಷಣ ತೋರಿಸಿ.

ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮೈ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಮೈಮೇಲೆ ಗುಳ್ಳೆ ಕಂಡರೆ, ಆ ಗಳಿಗೆಯಲ್ಲೇ ಮಕ್ಕಳ ವಾರ್ಡ್ ಇರುವ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಒಬ್ಬರಿಗೆ ತುಟಿ ಹರ್ಪಿಸ್ ಇದೆ ಅಂತ ನೀವಾಗಿಯೇ ಹೇಳಿ. ಗುಳ್ಳೆ ಬರಲಿ ಅಂತ ಕಾಯಬೇಡಿ, ಎಷ್ಟೋ ಕೂಸುಗಳಲ್ಲಿ ಗುಳ್ಳೆಯೇ ಇರಲ್ಲ.

ತೀರ್ಥಹಳ್ಳಿ_ಮಳೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರು ವಾಲಸೈಕ್ಲೊವಿರ್ 1000 ಬರೆದು ವಾಟ್ಸಾಪ್ ಮಾಡಿದ್ದಾರೆ, ಕಿಡ್ನಿ ತೊಂದರೆ ಏನಿಲ್ಲ. ಈಗ 11 ಗಂಟೆಗೆ ಎರಡು ನುಂಗಿದರು. ಇಷ್ಟಾದರೂ ಗುಳ್ಳೆ ಎದ್ದರೆ ಇನ್ನೊಂದು ಕೋರ್ಸ್ ತಗೋಬೇಕಾ?

ಔಷಧದಂಗಡಿ
ಬೇಡ. ರಾತ್ರಿ 11ಕ್ಕೆ ಇನ್ನೆರಡು, ಊಟ ಆದ ಮೇಲೆ ಆದರೂ ಸರಿ, ಮೊದಲಾದರೂ ಸರಿ. ಮರುದಿನವೂ ಮುಂದುವರಿಸಿದರೆ ಹೆಚ್ಚಿನ ಲಾಭ ಇಲ್ಲ. ಗುಳ್ಳೆ ಎದ್ದರೆ ವ್ಯಾಸಲೀನ್, ನೋವಿಗೆ ಪ್ಯಾರಾಸಿಟಮಾಲ್ ಸಾಕು.