ದ್ರಾಕ್ಷಿ ಚಪ್ಪರದ ಮ್ಯಾಲ ಸೋಲಾರ್ ಹಾಕಿದರ ನೆರಳಿನ ಲೆಕ್ಕ ಹೆಂಗ?

ಆಳಂದ_ತೋಟ:
2 ಎಕರೆ ಥಾಮ್ಸನ್ ಸೀಡ್‌ಲೆಸ್ ಅದ. ವೈ (Y) ಆಕಾರದ ಚಪ್ಪರ, ಉತ್ತರ-ದಕ್ಷಿಣ ಸಾಲು, ಸಾಲಿಂದ ಸಾಲಿಗೆ 10 ಅಡಿ, ಎರೆ ಭೂಮಿ. ಬೋರಿಗೆ 5 ಎಚ್‌ಪಿ ಮೋಟರ್. ಬ್ಯಾಸಗಿಗೆ ನೆರಳೂ ಆಗ್ತದ, ಕರೆಂಟೂ ಬರ್ತದ ಅಂತ ಚಪ್ಪರದ ಮ್ಯಾಲೇ ಪ್ಯಾನಲ್ ಹಾಕ್ಸೋ ವಿಚಾರ. ತಿಳಿದವರು ಹೇಳ್ರಿ.

ಸೋಲಾರ್_ಫಿಟ್ಟರ್:
ಬರೇ ಮೋಟರಿಗಾದರ ಬ್ಯಾಡ್ರಿ. 5 ಎಚ್‌ಪಿಗೆ 4.8 ಕಿಲೋವ್ಯಾಟ್ ಸಾಕು, ಅಂದ್ರ 540 ವ್ಯಾಟಿನ 9 ಪ್ಯಾನಲ್. ಒಂಬತ್ತೂ ಸೇರಿ ಸುಮಾರು 250 ಚದರಡಿ. ಇಷ್ಟಕ್ಕ ಬಳ್ಳಿ ಮ್ಯಾಲ ಕಬ್ಬಿಣ ಎತ್ತೋದು ದಂಡ. ಉತ್ತರದ ಬದುವಿಗೆ ನಿಲ್ಲಿಸ್ರಿ, ಚಳಿಗಾಲದ ನೆರಳು ತೋಟದ ಹೊರಗ ಬೀಳ್ತದ. (ಬಾಜೂದವರ ಹೊಲ ನೋಡ್ಕೊಂಡು, ಇಲ್ಲಂದ್ರ ಜಗಳ.)

ಕರೆಂಟ್ ಮಾರೋದಿದ್ದರ ಮಾತು ಬ್ಯಾರೆ. ಒಂದು ಎಕರೆಯ 30% ಮುಚ್ಚಿದರ ಸುಮಾರು 250 ಕಿಲೋವ್ಯಾಟ್ ಕೂಡ್ತದ, ನಿಮ್ಮ ಎರಡೆಕರೆಗೆ ಸುಮಾರು 500. ಕುಸುಮ್-ಎ (ರೈತರು ಹೊಲದಾಗ ಸೋಲಾರ್ ಕರೆಂಟ್ ಮಾಡಿ ಮಾರೋ ಕೇಂದ್ರದ ಯೋಜನೆ) ಸಾಮಾನ್ಯವಾಗಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟ್ ತನಕ. ಸಬ್‌ಸ್ಟೇಷನ್ ಹತ್ತಿರ ಇರಬೇಕು, ಮೊದಲು ನಮ್ಮ ಕಡೆ ಕರೆಂಟ್ ಕಂಪನಿ ಜೆಸ್ಕಾಂನಾಗ ಕೇಳ್ರಿ.

ಆಳಂದ_ತೋಟ:
ಮೋಟರಿಂದು ಬದುವಿಗೇ ಹಾಕ್ತೀನ್ರಿ. ಮಾರಾಕ ಪೂರಾ ತೋಟಕ್ಕ ಮಾಡಿದರ ಬೆಳಿಗೆ ಏನಾಗ್ತದ?

ಚಾಟ್ನಿ_ಕತ್ತರಿ:
ಏಪ್ರಿಲ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸೋದು) ಆಗಿ 40ರಿಂದ 60 ದಿನದಾಗ ಮುಂದಿನ ಗೊನೆ ಕಡ್ಡಿಯ ಕಣ್ಣಿನೊಳಗ ತಯಾರಾಗ್ತದ. ಆಗ ಬೆಳಕು ಕಮ್ಮಿ ಬಿದ್ದರ ಅಕ್ಟೋಬರ್ ಚಾಟ್ನಿ ಮುಗಿದ ಮ್ಯಾಲ ಗೊನೆ ಬದಲು ಬರೇ ಚಿಗುರು, ಕುಡಿ. ಜೂನ್‌ನಾಗ ಮೋಡ ಕವಿದ ವರ್ಷ ಗೊನೆ ಕಮ್ಮಿ ಆಗೋದೂ ಇದಕ್ಕೇ. ನೀವು ನೆರಳು ಬೇಕನ್ನೋ ಹೊತ್ತೂ, ಬಳ್ಳಿಗೆ ಬಿಸಿಲು ಬೇಕಾದ ಹೊತ್ತೂ ಒಂದೇ.

ಮೇ 10ರ ಸುಮಾರಿಗೆ ನಮ್ಮ ಆಳಂದ ಕಡೆ ಸೂರ್ಯ ನೆತ್ತಿಗೇ ಬರ್ತಾನ. ಹಂಗಾಗಿ ಪ್ಯಾನಲ್ ಪಟ್ಟಿ ಬಳ್ಳಿ ಮ್ಯಾಲ ಬ್ಯಾಡ, ಎರಡು ಸಾಲಿನ ನಡುವಿನ ದಾರಿ ಮ್ಯಾಲ ಬರಲಿ. ಪ್ಯಾನಲಿನ ಉದ್ದ ಸಾಲಿನ ಗುಂಟ ಇರಲಿ, ಅಗಲ 3.7 ಅಡಿ. ನಾಲ್ಕು ಪ್ಯಾನಲ್ ಹಾಕಿ ಒಂದರ ಜಾಗ ಖಾಲಿ ಬಿಟ್ಟರ 30% ಆಗ್ತದ. ಮಧ್ಯಾಹ್ನದ ನೆರಳು ದಾರಿಗೆ, ಬೆಳಿಗ್ಗೆ-ಸಂಜೆಯದು ಬಳ್ಳಿ ಮ್ಯಾಲ ಸರೀತದ. ಅಂಚಿನ ಮಳೆನೀರೂ ಎಲಿಗೆ ಸುರಿಯಂಗಿಲ್ಲ; ಅಕ್ಟೋಬರ್ ಚಿಗುರು ತೊಯ್ದು ನಿಂತರ ಡೌನಿ ಬೂಜು ರೋಗ ಬಿಡಂಗಿಲ್ಲ. ಮಣೂಕ (ಒಣದ್ರಾಕ್ಷಿ) ಮಾಡವರು ಇದಕ್ಕಿಂತ ಹೆಚ್ಚು ಮುಚ್ಚಬ್ಯಾಡ್ರಿ, ಸಕ್ಕರಿ ಏರೋದು ತಡ ಆಗ್ತದ.

ಸೋಲಾರ್_ಫಿಟ್ಟರ್:
ಅದಕ್ಕ ಒಪ್ತೀನಿ. ಕಂಬದ ಮಾತು ಹೇಳ್ತೀನಿ. ಎರೆ ಭೂಮಿ ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಬಿರಿತದ. 3 ಅಡಿ ಕಾಂಕ್ರೀಟ್ ಹಾಕಿದರ ಕಂಬ ಎದ್ದು ವಾಲ್ತದ, ಪ್ಯಾನಲ್ ಗಾಜು ಬಿರಿತದ. 3.5 ಮೀಟರ್ ಆಳಕ್ಕ ಬುಡ ಅಗಲ ಮಾಡಿದ ಅಂಡರ್‌ರೀಮ್ ಪೈಲ್ ಬೇಕು. ಮುಂಗಾರು ಮುಂಚಿನ ಬಿರುಗಾಳಿ ಪ್ಯಾನಲ್ ಮ್ಯಾಲಕ್ಕ ಎತ್ತೋದನ್ನೂ ಅದೇ ತಡೀತದ. ಚಪ್ಪರದ ಕಂಬಕ್ಕ ಕಟ್ಟಬ್ಯಾಡ್ರಿ, ಅದು ಗೊನೆ ಭಾರಕ್ಕಷ್ಟೇ. ಪ್ಯಾನಲಿನ ಕೆಳ ಅಂಚು 12 ಅಡಿ ಇರಲಿ.

ಬೂಜು ರೋಗಕ್ಕ ಹೊಡಿಯೋ ಬೋರ್ಡೋ ದ್ರಾವಣದ ತಾಮ್ರ ಅಲ್ಯೂಮಿನಿಯಂ ಫ್ರೇಮನ್ನೂ ಸತು ಬಳಿದ ಜಿಐ ಕಂಬವನ್ನೂ ತಿಂತದ. ಬ್ಲೋವರ್‌ನಿಂದ ಔಷಧಿ ಹೊಡೆದ ಮರುದಿನ ಬಿಸಿಲೇರೋ ಮುಂಚೆ ಸಾದಾ ನೀರಿಂದ ತೊಳೀಬೇಕು. ಕಾದ ಗಾಜಿಗೆ ತಣ್ಣೀರು ಹೊಡೀಬ್ಯಾಡ್ರಿ. ಡಿಸಿ ಕೇಬಲ್ ಪೂರಾ ಪೈಪಿನೊಳಗ, ಚಾಟ್ನಿ ಕತ್ತರಿ ತಾಗದಷ್ಟು ಮ್ಯಾಲ. ಇನ್ನ ಚಪ್ಪರದ ತಂತಿ: ಕೇಬಲ್ ಸಿಪ್ಪಿ ಹೋಗಿ ತಾಗಿದರ ಇಡೀ ಸಾಲಿಗೆ ಕರೆಂಟ್. ಪ್ರತಿ ಸಾಲಿನ ತಂತಿಯನ್ನೂ ಅರ್ಥಿಂಗ್ ಪಟ್ಟಿಗೆ ಜೋಡಿಸ್ರಿ, ಮೆಗ್ಗರ್ (ಕೇಬಲ್ ಸಿಪ್ಪಿಯಿಂದ ಕರೆಂಟ್ ಸೋರ್ತದೋ ನೋಡೋ ಮೀಟರ್) ಹಚ್ಚಿ ನೋಡದೇ ಕೂಲಿಯವರನ್ನ ಒಳಗ ಬಿಡಬ್ಯಾಡ್ರಿ.