ಒಂದೇ ಏರ್‌ಲೈನ್, ಒಂದೇ ಟಿಕೆಟ್, ಲೌಂಜ್ ಊಟ ಮಾತ್ರ ಅಜಗಜಾಂತರ. ಯಾಕೆ ಹೀಗೆ?

ಕಿಟಕಿ_ಸೀಟು

ಎರಡು ವರ್ಷದಿಂದ ಕೆಲಸದ ಮೇಲೆ ತುಂಬಾ ಓಡಾಟ. ದೂರದ ಪ್ರಯಾಣಕ್ಕೆ ಕಂಪನಿಯವರು ಬಿಸಿನೆಸ್ ಕ್ಲಾಸ್ ಕೊಡುತ್ತಾರೆ, ಹಾಗಾಗಿ ಏರ್‌ಲೈನ್ ಲೌಂಜ್‌ಗಳಿಗೆ, ಅಂದರೆ ವಿಮಾನ ಹೊರಡುವ ತನಕ ಕೂತು ಊಟ ಮಾಡುವ ನಿಲ್ದಾಣದ ಕೋಣೆಗಳಿಗೆ, ಹೋಗುವುದು ಮಾಮೂಲಿ ಆಗಿದೆ. ಕಳೆದ ತಿಂಗಳು ಆಗಿದ್ದನ್ನು ಹೇಳುತ್ತೇನೆ, ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹೋಗುವಾಗ ಆ ಏರ್‌ಲೈನ್‌ನ ಮುಖ್ಯ ನಿಲ್ದಾಣದಲ್ಲಿ ಅವರದೇ ದೊಡ್ಡ ಲೌಂಜ್. ಸೂಪ್ ಹೊಗೆಯಾಡುತ್ತಿತ್ತು. ಬ್ರೆಡ್ ಆಗ ತಾನೇ ಓವನ್‌ನಿಂದ ತೆಗೆದದ್ದು. ಕೌಂಟರ್ ಹಿಂದೆ ಒಬ್ಬರು ನಿಂತು, ಕೇಳಿದವರಿಗೆ ಕೇಳಿದ ಹಾಗೆ ಆಮ್ಲೆಟ್ ಹಾಕಿ ಕೊಡುತ್ತಿದ್ದರು. ಹೊಟ್ಟೆ ತುಂಬಾ ತಿಂದು, ವಿಮಾನದಲ್ಲಿ ಊಟವೇ ಬೇಡ ಅಂತ ಮಲಗಿಬಿಟ್ಟೆ. ಬರುವಾಗ ಅದೇ ಏರ್‌ಲೈನ್, ಅದೇ ಕ್ಲಾಸ್, ಆದರೆ ಬೇರೆ ನಿಲ್ದಾಣ. ಅಲ್ಲಿ ಸ್ಕ್ರ್ಯಾಂಬಲ್ಡ್ ಎಗ್ ಹಸಿರು ಬಣ್ಣಕ್ಕೆ ತಿರುಗಿತ್ತು, ಪಾತ್ರೆಯ ತಳದಲ್ಲಿ ನೀರು ನಿಂತಿತ್ತು. ಪಾಸ್ತಾ ಮುದ್ದೆಯಾಗಿತ್ತು. ಅನ್ನ ಮೇಲೆ ಒಣಗಿ ಕಡ್ಡಿಯಂತೆ, ಒಳಗೆ ಉಗುರು ಬೆಚ್ಚಗೆ.

ನಾನೊಬ್ಬನೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ಸಲ ಅಮ್ಮ ಜೊತೆಗಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲೇಬೇಕು. ಐದು ಗಂಟೆ ಕಾಯುವುದಿತ್ತು. ಲೌಂಜ್ ಇದೆಯಲ್ಲ, ಊಟಕ್ಕೆ ಯೋಚನೆ ಇಲ್ಲ ಅಂತ ನಾನೇ ಅವರಿಗೆ ಹೇಳಿದ್ದೆ. ಕೊನೆಗೆ ಒಂದು ಬಾಳೆಹಣ್ಣು, ಎರಡು ಬಿಸ್ಕತ್ತು ತಿಂದು ಕೂತರು, ಒಂದು ಮಾತೂ ಆಡಲಿಲ್ಲ. ಅದು ನನಗೆ ಬಹಳ ಬೇಜಾರಾಯಿತು.

ನನ್ನ ಪ್ರಶ್ನೆ ಇಷ್ಟು. ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ಅಂಥ ಊಟ ತಿಂದರೆ ತೊಂದರೆ ಇಲ್ಲವಾ? ಒಳಗೆ ಹೋದ ತಕ್ಷಣ ಏನು ನೋಡಿ, ಇಲ್ಲಿ ತಿನ್ನಬಹುದು ಅಥವಾ ಬೇಡ ಅಂತ ನೀವು ನಿರ್ಧರಿಸುತ್ತೀರಿ?

ಬಾಣಲೆ_ಸದ್ದು

ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ 11 ವರ್ಷ ದುಡಿದಿದ್ದೇನೆ, ಅದರಲ್ಲಿ ಮೂರು ವರ್ಷ ಲೌಂಜ್ ಕಡೆ. ಅಮ್ಮನ ವಿಷಯ ಓದಿ ಸಂಕಟವಾಯಿತು, ಹಾಗಾಗಿ ಉದ್ದ ಬರೆಯುತ್ತಿದ್ದೇನೆ.

ನೀವು ಹೋದ ಎರಡನೇ ಲೌಂಜ್ ಆ ಏರ್‌ಲೈನ್‌ನದ್ದೇ ಅಲ್ಲದಿರಬಹುದು. ಮುಖ್ಯ ನಿಲ್ದಾಣದಲ್ಲಿ ದಿನವಿಡೀ ವಿಮಾನ ಬಿಡುವವರಿಗೆ ಸ್ವಂತ ಜಾಗ, ಸ್ವಂತ ಅಡುಗೆಯವರನ್ನು ಇಟ್ಟುಕೊಳ್ಳುವುದು ಗಿಟ್ಟುತ್ತದೆ. ದಿನಕ್ಕೆ ಒಂದೋ ಎರಡೋ ವಿಮಾನ ಇರುವ ಕಡೆ ಬೇರೆಯವರ ಲೌಂಜ್ ಜೊತೆ ಒಪ್ಪಂದ ಮಾಡಿಕೊಂಡು ತಲೆಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ. ನೀವು ಒಂದು ತಟ್ಟೆ ತಿಂದರೂ ಅಷ್ಟೇ, ನಾಲ್ಕು ತಟ್ಟೆ ತಿಂದರೂ ಅಷ್ಟೇ. ಲೌಂಜ್ ನಡೆಸುವವರಿಗೆ ಬರುವ ದುಡ್ಡು ಹೆಚ್ಚಾಗುವುದಿಲ್ಲ, ಖರ್ಚು ಮಾತ್ರ ಹೆಚ್ಚಾಗುತ್ತದೆ. ಆಗ ಎಲ್ಲಿ ಉಳಿಸುತ್ತಾರೆ ಹೇಳಿ? ಅಡುಗೆ ಸಾಮಾನಿನಲ್ಲಿ, ಕೆಲಸದವರ ಸಂಖ್ಯೆಯಲ್ಲಿ. ನಿಮ್ಮ ಟಿಕೆಟ್ ಮೇಲಿನ ಹೆಸರು ಒಬ್ಬರದ್ದು, ಒಲೆ ಇನ್ನೊಬ್ಬರದ್ದು.

ಒಲೆ ಅಂದೆ, ಎಷ್ಟೋ ಲೌಂಜ್‌ಗಳಲ್ಲಿ ಅದೂ ಇರುವುದಿಲ್ಲ. ಟರ್ಮಿನಲ್ ಒಳಗೆ ಹೊಗೆ ಹೊರಹಾಕುವ ಕೊಳವೆ ಎಳೆಯುವುದು ಕಷ್ಟ, ಬೆಂಕಿಯ ನಿಯಮಗಳು ಬಿಗಿ. ಅಂಥ ಕಡೆ ಊಟ ಬೇರೆಲ್ಲೋ ದೊಡ್ಡ ಅಡುಗೆಮನೆಯಲ್ಲಿ ಬೆಂದು, ಯಂತ್ರದಲ್ಲಿ ಬೇಗ ತಣ್ಣಗಾಗಿ, ಲಾರಿಯಲ್ಲಿ ಬಂದು, ಭದ್ರತಾ ತಪಾಸಣೆ ದಾಟಿ, ಲೌಂಜ್ ಹಿಂದಿನ ಸಣ್ಣ ಕೋಣೆಯ ಓವನ್‌ನಲ್ಲಿ ಮತ್ತೆ ಬಿಸಿಯಾಗಿ, ಆಮೇಲೆ ಮುಚ್ಚಳದ ಪಾತ್ರೆಗೆ ಬರುತ್ತದೆ. ಈ ಪ್ರಯಾಣ ತಡೆದುಕೊಳ್ಳುವ ಅಡುಗೆ ಬೇರೆ, ತಡೆಯದ ಅಡುಗೆ ಬೇರೆ. ಸೂಪ್, ಕಾಳು, ನಿಧಾನವಾಗಿ ಬೆಂದ ಗೊಜ್ಜಿನಂಥ ಪದಾರ್ಥ ಕೆಡುವುದಿಲ್ಲ, ಕೆಲವು ಇನ್ನೂ ರುಚಿಯಾಗುತ್ತವೆ. ಮೊಟ್ಟೆ, ಪಾಸ್ತಾ, ಮೀನು, ಕರಿದ ತಿಂಡಿ ಇವೆಲ್ಲ ಸತ್ತೇ ಹೋಗುತ್ತವೆ. ಕರಿದದ್ದರ ಮೇಲೆ ಮುಚ್ಚಳ ಇಟ್ಟರೆ ಅದರ ಹಬೆಯಲ್ಲೇ ಅದು ಮೆತ್ತಗಾಗುತ್ತದೆ. ಪಾಸ್ತಾ ಕೂತಲ್ಲೇ ನೀರು ಕುಡಿಯುತ್ತಾ ಹೋಗುತ್ತದೆ.

ಹಸಿರು ಮೊಟ್ಟೆಗೆ ಹೆದರಬೇಡಿ. ಹಳದಿ ಭಾಗದಲ್ಲಿರುವ ಕಬ್ಬಿಣ ಮತ್ತು ಬಿಳಿ ಭಾಗದಲ್ಲಿರುವ ಗಂಧಕ ಜಾಸ್ತಿ ಹೊತ್ತು ಬಿಸಿಯಲ್ಲಿ ಕೂತರೆ ಸೇರಿಕೊಂಡು ಆ ಬಣ್ಣ ಬರುತ್ತದೆ. ವಿಷ ಅಲ್ಲ. ಆದರೆ ಆ ಪಾತ್ರೆ ಎಷ್ಟು ಹೊತ್ತಿನಿಂದ ಅಲ್ಲೇ ಇದೆ ಅಂತ ಅದು ಹೇಳಿಬಿಡುತ್ತದೆ. ನಾನು ಮೊದಲು ನೋಡುವುದೇ ಮೊಟ್ಟೆಯನ್ನು.

ನಿಜವಾಗಿ ಹೆದರಬೇಕಾದದ್ದು ಆ ಉಗುರು ಬೆಚ್ಚಗಿನ ಅನ್ನಕ್ಕೆ. ಬಡಿಸುವ ತನಕ ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು, ಬೆಂದದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಅರೆ ಬೆಚ್ಚಗೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಮ್ಮ ಅನ್ನ ಮುಟ್ಟದೆ ಬಾಳೆಹಣ್ಣು ತಿಂದದ್ದು ಒಳ್ಳೆಯದೇ ಆಯಿತು.

ಇನ್ನೊಂದು ವಿಷಯ, ಹೊತ್ತು. ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳು ಗುಂಪು ಗುಂಪಾಗಿ ಹೊರಡುತ್ತವೆ. ಆ ಗುಂಪಿಗೆ ಸುಮಾರು ಎರಡು ಗಂಟೆ ಮುಂಚೆ ಪಾತ್ರೆಗಳು ಹೊಸದಾಗಿ ತುಂಬುತ್ತವೆ. ಗುಂಪು ಹೋದ ಮೇಲೆ ಉಳಿದದ್ದನ್ನು ಬದಲಿಸಲು ಯಾರಿಗೂ ಆತುರ ಇರುವುದಿಲ್ಲ. ನೀವು ಐದು ಗಂಟೆ ಕಾದವರು, ಬಹುಶಃ ಆ ಖಾಲಿ ಹೊತ್ತಿನಲ್ಲೇ ಊಟಕ್ಕೆ ಹೋಗಿದ್ದೀರಿ.

ರಾತ್ರಿ_ವಿಮಾನ

ಬಾಣಲೆ ಅವರೇ, ನೀವು ಹೇಳಿದ್ದು ಬಹುಪಾಲು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ತಲೆಗಿಷ್ಟು ಅನ್ನುವ ಲೆಕ್ಕದ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ದುಡ್ಡು ಚೆನ್ನಾಗಿ ಸುರಿದೂ ಊಟ ಕೆಟ್ಟದಾಗಿರುವ ಲೌಂಜ್ ನೋಡಿದ್ದೇನೆ. ಮೂವತ್ತು ಪಾತ್ರೆ ಸಾಲಾಗಿ, ಎಲ್ಲ ದೇಶದ ಅಡುಗೆ, ಒಂದರಲ್ಲೂ ಜೀವ ಇಲ್ಲ.

ಜಪಾನ್ ಏರ್‌ಲೈನ್ಸ್ ಲೌಂಜ್‌ನ ಬೀಫ್ ಕರಿ ನೋಡಿ. ಅದನ್ನು ತಿನ್ನಲೆಂದೇ ಬೇಗ ಬರುವ ಪ್ರಯಾಣಿಕರಿದ್ದಾರೆ. ಇರುವುದು ಏನು? ಒಂದು ದೊಡ್ಡ ಪಾತ್ರೆ ಸಾರು, ಪಕ್ಕದಲ್ಲಿ ಅನ್ನ. ಬಿಸಿಯಲ್ಲಿ ಕೂತರೂ ಕೆಡದ ಪದಾರ್ಥವನ್ನು ಆರಿಸಿ, ಅದೊಂದನ್ನೇ ಚೆನ್ನಾಗಿ ಮಾಡುತ್ತಾರೆ, ಅಷ್ಟೇ. ಹಾಂಗ್‌ಕಾಂಗ್‌ನಲ್ಲಿ ಕ್ಯಾಥೆ ಪೆಸಿಫಿಕ್‌ನವರ ನೂಡಲ್ ಬಾರ್ ಕೂಡ ಹಾಗೆ. ಪಟ್ಟಿ ಚಿಕ್ಕದು, ನೀವು ಹೇಳಿದ ಮೇಲೆ ಬಟ್ಟಲು ತಯಾರಾಗುತ್ತದೆ. ಇಸ್ತಾಂಬುಲ್‌ನ ಟರ್ಕಿಶ್ ಏರ್‌ಲೈನ್ಸ್ ಲೌಂಜ್‌ನಲ್ಲಿ ಕಣ್ಣೆದುರೇ ಹಿಟ್ಟು ಲಟ್ಟಿಸಿ ಸುಡುತ್ತಾರೆ. ಸಿಡ್ನಿಯ ಕ್ವಾಂಟಾಸ್ ಫಸ್ಟ್ ಲೌಂಜ್‌ನಲ್ಲಿ ಮೇಜಿಗೆ ಬಂದು ಕೇಳಿ ಬಡಿಸುತ್ತಾರೆ. ಯುನೈಟೆಡ್‌ನವರು 2016ರ ಡಿಸೆಂಬರ್‌ನಲ್ಲಿ ಶಿಕಾಗೋದಲ್ಲಿ ಪೊಲಾರಿಸ್ ಲೌಂಜ್ ತೆರೆದಾಗ ಬಫೆ ಜೊತೆಗೆ ಕೂತು ಆರ್ಡರ್ ಮಾಡುವ ಊಟದ ಕೋಣೆಯನ್ನೂ ಇಟ್ಟರು.

ಇವೆಲ್ಲದರಲ್ಲಿ ಒಂದು ಸಮಾನ ಅಂಶ ಇದೆ. ಊಟ ನಿಮಗಾಗಿ ಕೊನೆಯ ಕ್ಷಣದಲ್ಲಿ ಮುಗಿಯುತ್ತದೆ, ಅಥವಾ ಕಾದರೂ ಕೆಡದ ಜಾತಿಯದ್ದಾಗಿರುತ್ತದೆ. ಹಾಗಾಗಿ ನಾನು ಲೌಂಜ್ ಒಳಗೆ ಕಾಲಿಟ್ಟ ತಕ್ಷಣ ಪಾತ್ರೆ ಎಣಿಸುವುದಿಲ್ಲ. ಯಾರಾದರೂ ಏನನ್ನಾದರೂ ಕೈಯಾರೆ ಮಾಡಿ ಕೊಡುತ್ತಿದ್ದಾರಾ ಅಂತ ನೋಡುತ್ತೇನೆ.

ನಮ್ಮ ತಪ್ಪೂ ಇದೆ ಅನ್ನಿಸುತ್ತದೆ. ಲೌಂಜ್ ಬಗ್ಗೆ ಬರೆಯುವಾಗ ನಾವೆಲ್ಲ ಐಟಂ ಎಷ್ಟಿತ್ತು ಅಂತಲೇ ಬರೆಯುತ್ತೇವೆ. ಐದು ಬಗೆ ಇದ್ದರೆ ಕಡಿಮೆ ಅನ್ನುತ್ತೇವೆ, ಇಪ್ಪತ್ತಿದ್ದರೆ ಭೇಷ್ ಅನ್ನುತ್ತೇವೆ. ನಡೆಸುವವರು ಅದನ್ನೇ ಓದಿ ಇನ್ನೊಂದು ಪಾತ್ರೆ ಸೇರಿಸುತ್ತಾರೆ.

ಜೊತೆಗೆ ಒಂದು ಮಾತು. ಆಕಾಶದಲ್ಲಿ ಊಟ ಸಪ್ಪೆ ಅನ್ನಿಸಲು ಕಾರಣ ಇದೆ. ಲುಫ್ತಾನ್ಸಾಕ್ಕಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2010ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ವಿಮಾನದ ಒತ್ತಡ ಮತ್ತು ಒಣ ಗಾಳಿಯಲ್ಲಿ ಉಪ್ಪಿನ ರುಚಿ 20ರಿಂದ 30 ಶೇಕಡಾ, ಸಿಹಿ 15ರಿಂದ 20 ಶೇಕಡಾ ಕಡಿಮೆ ಗೊತ್ತಾಗುತ್ತದೆ ಅಂತ ಕಂಡುಬಂತು. ಲೌಂಜ್ ಇರುವುದು ನೆಲದ ಮೇಲೆ. ಅಲ್ಲಿ ನಾಲಿಗೆ ಸರಿಯಾಗೇ ಕೆಲಸ ಮಾಡುತ್ತದೆ. ಆ ನೆಪ ಅಲ್ಲಿ ನಡೆಯುವುದಿಲ್ಲ.

ಎರಡು_ಬ್ಯಾಗು

ಜನ ಜಾಸ್ತಿ ಆದದ್ದನ್ನು ಯಾರೂ ಹೇಳಲಿಲ್ಲ. ಏರ್‌ಲೈನ್ ಲೌಂಜ್ ಶುರುವಾದದ್ದು 1939ರಲ್ಲಿ, ನ್ಯೂಯಾರ್ಕ್‌ನ ಲಾಗಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಡ್ಮಿರಲ್ಸ್ ಕ್ಲಬ್. ಆಗ ಕರೆದವರಿಗೆ ಮಾತ್ರ ಒಳಗೆ ಜಾಗ. 1992ರಲ್ಲಿ ಪ್ರಯಾರಿಟಿ ಪಾಸ್ ಬಂತು, ಯಾವ ಏರ್‌ಲೈನ್ ಟಿಕೆಟ್ ಇದ್ದರೂ ಲೌಂಜ್‌ಗೆ ಬಿಡುವ ಸದಸ್ಯತ್ವ ಅದು, ಆಮೇಲೆ ಕ್ರೆಡಿಟ್ ಕಾರ್ಡ್‌ಗಳ ಜೊತೆ ಲೌಂಜ್ ಪ್ರವೇಶ ಬಂತು. ಈಗ ಬಾಗಿಲ ಹೊರಗೇ ಕ್ಯೂ. 2022ರಲ್ಲಿ ಡೆಲ್ಟಾ ಏರ್‌ಲೈನ್ಸ್‌ನವರು ವಿಮಾನಕ್ಕೆ ಮೂರು ಗಂಟೆಗಿಂತ ಮುಂಚೆ ಬಂದರೆ ಒಳಗೆ ಬಿಡುವುದಿಲ್ಲ ಅನ್ನುವ ನಿಯಮ ತಂದದ್ದು ಇದೇ ನೂಕುನುಗ್ಗಲು ತಪ್ಪಿಸಲು. ನೂರು ಜನಕ್ಕೆ ಕಟ್ಟಿದ ಅಡುಗೆ ಕೋಣೆ ಮುನ್ನೂರು ಜನಕ್ಕೆ ಬಡಿಸಬೇಕಾದರೆ, ಒಬ್ಬೊಬ್ಬರಿಗೆ ಆಮ್ಲೆಟ್ ಹಾಕುತ್ತಾ ಕೂರಲು ಆಗುತ್ತದಾ? ದೊಡ್ಡ ಪಾತ್ರೆಯಲ್ಲಿ ತುಂಬಿ ಇಡುವುದೇ ದಾರಿ ಆಗುತ್ತದೆ.

ಆದರೂ ದಾರಿ ಇದೆ ಅಂತ ನಾನೇ ನೋಡಿದ್ದೇನೆ. 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ಲೌಂಜ್‌ಗಳಲ್ಲಿ ಬಫೆ ತೆಗೆದು, ಮೇಜಿನ ಮೇಲಿನ ಕೋಡ್ ಅನ್ನು ಫೋನಿನಿಂದ ಸ್ಕ್ಯಾನ್ ಮಾಡಿ ಆರ್ಡರ್ ಮಾಡುವ ಪದ್ಧತಿ ತಂದಿತು. ಚಿಕ್ಕ ಚಿಕ್ಕ ತಟ್ಟೆ, ಕೂತಲ್ಲಿಗೇ ಬರುತ್ತಿತ್ತು. ಬೇಕಾದವರಿಗೆ ಬೇಕಾದಷ್ಟು. ಎಸೆಯುವುದೂ ಕಡಿಮೆ ಆಗಿರಬೇಕು. ಆಮೇಲೆ ಬಫೆ ವಾಪಸ್ ಬಂತು, ನನಗೆ ನಿಜಕ್ಕೂ ಬೇಸರ ಆಯಿತು. ಮಗು ಎತ್ತಿಕೊಂಡು, ಬ್ಯಾಗು ನೋಡಿಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಏನು ಅಂತ ಒಂಟಿಯಾಗಿ ಓಡಾಡುವವರಿಗೆ ಗೊತ್ತಾಗುವುದಿಲ್ಲ.

ಕಡಲೆ_ಬೇಡ

ರುಚಿಗಿಂತ ಮೊದಲು ಒಂದು ವಿಷಯ ಸೇರಿಸುತ್ತೇನೆ. ನನ್ನ ಮಗಳಿಗೆ ಕಡಲೆಕಾಯಿ ಅಲರ್ಜಿ, ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಬಫೆಯಲ್ಲಿ ಜನ ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕುತ್ತಾರೆ. ಹೆಸರಿನ ಚೀಟಿ ಸರಿ ಇದ್ದರೂ ಒಳಗಿರುವುದನ್ನು ನಂಬುವ ಹಾಗಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು, ಪ್ಯಾಕ್ ಮಾಡದ ಊಟಕ್ಕೂ. ಆದರೂ ನಾನು ಕೌಂಟರ್‌ನಲ್ಲಿ ಕೇಳಿ, ಒಳಗಿನಿಂದ ಬೇರೆ ತಟ್ಟೆಯಲ್ಲಿ ತರಿಸುತ್ತೇನೆ. ಕೇಳಿದರೆ ತಂದುಕೊಟ್ಟವರೇ ಜಾಸ್ತಿ. ಕಿಟಕಿ ಸೀಟು ಅವರೇ, ಅಮ್ಮನಿಗೂ ಹಾಗೆ ಕೇಳಿ. ಸಕ್ಕರೆ ಕಾಯಿಲೆ ಇದೆ, ಬಿಸಿಯಾದದ್ದು ಒಂದು ಬೇಕು ಅಂದರೆ ಮನುಷ್ಯರು ಇಲ್ಲ ಅನ್ನುವುದಿಲ್ಲ. ಕೈಚೀಲದಲ್ಲಿ ಏನಾದರೂ ಒಣ ತಿಂಡಿ ಮಾತ್ರ ಯಾವಾಗಲೂ ಇರಲಿ.

ಕಿಟಕಿ_ಸೀಟು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಹಳೆಯ ಫೋಟೋ ತೆಗೆದು ನೋಡಿದೆ. ಬಾಣಲೆ ಅವರು ಹೇಳಿದ್ದು ಸರಿ, ಬಾಗಿಲ ಮೇಲೆ ಬೇರೆ ಕಂಪನಿಯ ಹೆಸರಿದೆ, ನಮ್ಮ ಏರ್‌ಲೈನ್ ಲೋಗೋ ಪಕ್ಕದಲ್ಲಿ ಸಣ್ಣದಾಗಿ ಇನ್ನೂ ನಾಲ್ಕು ಲೋಗೋಗಳ ಜೊತೆ. ನಾವು ತಿನ್ನಲು ಹೋದದ್ದೂ ಮಧ್ಯಾಹ್ನ ಮೂರೂವರೆಗೆ, ಲೌಂಜ್ ಹೆಚ್ಚುಕಮ್ಮಿ ಖಾಲಿ ಇತ್ತು. ಅಲ್ಲಿ ಒಂದು ಪಾತ್ರೆಯಲ್ಲಿ ತರಕಾರಿ ಸೂಪ್ ಕೂಡ ಇತ್ತು. ಉಳಿದದ್ದನ್ನು ನೋಡಿ ಅದರ ಮುಚ್ಚಳವನ್ನೇ ನಾನು ತೆಗೆಯಲಿಲ್ಲ. ಈಗ ಅನ್ನಿಸುತ್ತದೆ, ಅಮ್ಮನಿಗೆ ಅದನ್ನಾದರೂ ಕೊಡಬಹುದಿತ್ತು.

ಒಂದು ಪ್ರಶ್ನೆ ಉಳಿಯಿತು. ದೂರು ಕೊಡುವುದಾದರೆ ಯಾರಿಗೆ? ಲೌಂಜ್‌ನವರಿಗಾ, ಏರ್‌ಲೈನ್‌ಗಾ?

ಬಾಣಲೆ_ಸದ್ದು

ಇಬ್ಬರಿಗೂ, ಆದರೆ ಬೇರೆ ಬೇರೆ ಥರ. ಅಲ್ಲಿರುವಾಗ ಲೌಂಜ್‌ನವರಿಗೆ ಬಾಯಲ್ಲಿ ಹೇಳಿ, ಆ ಪಾತ್ರೆ ಅಲ್ಲೇ ಬದಲಾಗುತ್ತದೆ. ಬಡಿಸುವ ಹುಡುಗರ ಮೇಲೆ ರೇಗಬೇಡಿ, ದಯವಿಟ್ಟು. ಮೆನು ಅವರದ್ದಲ್ಲ, ಎಷ್ಟು ಹೊತ್ತಿಗೆ ಬದಲಿಸಬೇಕು ಅನ್ನುವುದೂ ಅವರ ಕೈಯಲ್ಲಿಲ್ಲ. ನಾನೂ ಆ ಕಡೆ ನಿಂತಿದ್ದೇನೆ, ಬೈಗುಳ ತಿಂದಿದ್ದೇನೆ. ಆಮೇಲೆ ಏರ್‌ಲೈನ್‌ಗೆ ಬರೆಯಿರಿ, ಯಾಕೆಂದರೆ ತಲೆಗಿಷ್ಟು ದುಡ್ಡು ಕೊಡುವವರು ಅವರು. ಊಟ ಚೆನ್ನಾಗಿರಲಿಲ್ಲ ಅಂತ ಒಂದೇ ಸಾಲು ಬರೆದರೆ ಕ್ಷಮೆಯ ಸಿದ್ಧ ಉತ್ತರ ಬರುತ್ತದೆ. ದಿನಾಂಕ, ಗಂಟೆ, ಪದಾರ್ಥದ ಹೆಸರು, ಅನ್ನ ಬಿಸಿ ಇರಲಿಲ್ಲ ಅನ್ನುವ ಮಾತು, ಜೊತೆಗೆ ಫೋಟೋ ಇಡಿ. ನಾವು ಲೌಂಜ್ ಕಡೆ ಇದ್ದಾಗ ಬಿಸಿ ಎಷ್ಟಿತ್ತು ಅನ್ನುವುದನ್ನು ಗಂಟೆ ಗಂಟೆಗೂ ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಗಂಟೆ ಹಾಕಿದ ದೂರು ಬಂದರೆ ಮೇಲಿನವರು ಆ ಪುಟ ತೆಗೆಸಿ ನೋಡುತ್ತಿದ್ದರು.

ಕಿಟಕಿ_ಸೀಟು

ಇವತ್ತು ರಾತ್ರಿಯೇ ಬರೆದು ಕಳಿಸುತ್ತೇನೆ, ಫೋಟೋದಲ್ಲಿ 3:40 ಅಂತ ಸಮಯವೂ ಇದೆ. ಮುಂದಿನ ತಿಂಗಳು ಅದೇ ನಿಲ್ದಾಣದ ಮೂಲಕ ಮತ್ತೆ ಹೋಗಬೇಕು, ಅಮ್ಮನೂ ಬರುತ್ತಾರೆ. ಈ ಸಲ ಸಂಜೆಯ ವಿಮಾನಗಳಿಗೆ ಎರಡು ಗಂಟೆ ಮುಂಚೆ ಒಳಗೆ ಹೋಗಿ, ಮೊದಲು ಸೂಪ್ ಮುಚ್ಚಳ ತೆಗೆದು ನೋಡುತ್ತೇನೆ. ಹೇಗಿತ್ತು ಅಂತ ಇಲ್ಲೇ ಬರೆಯುತ್ತೇನೆ.